ಡೆವಲಪರ್ ಕಾನ್ಫರೆನ್ಸ್‌ಗೆ ಹೊರಟಿದ್ದೀರಾ? ಒಂದು ಪ್ರಶ್ನೆ ಹಿಡಿದು ಹೋಗಿ

2008ರಲ್ಲಿ ಟೊರೊಂಟೊದಲ್ಲಿ ಅಜೈಲ್ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಬೆಳೆಸುವ ವಿಧಾನ) ಕುರಿತ ಕಾನ್ಫರೆನ್ಸ್ ನಡೆಯಿತು. ಅಲ್ಲಿ ಆಂಡ್ರೂ ಶೇಫರ್ ಎಂಬ ಎಂಜಿನಿಯರ್ 'ಅಜೈಲ್ ಇನ್‌ಫ್ರಾಸ್ಟ್ರಕ್ಚರ್' ಕುರಿತು ಒಂದು ಅನೌಪಚಾರಿಕ ಚರ್ಚೆ ನಡೆಸುವುದಾಗಿ ಚೀಟಿ ಅಂಟಿಸಿದರು. ಯಾರಿಗೂ ಆಸಕ್ತಿ ಇದ್ದಂತೆ ಕಾಣದ ಕಾರಣ ಕೊನೆಗೆ ಅವರೇ ಆ ಕೋಣೆಗೆ ಹೋಗಲಿಲ್ಲ. ಹೋದವರು ಒಬ್ಬರೇ, ಬೆಲ್ಜಿಯಂನ ಪ್ಯಾಟ್ರಿಕ್ ಡೆಬ್ವಾ. ಖಾಲಿ ಕೋಣೆ ಕಂಡು ಅವರು ಬೇರೆ ಟಾಕ್ ಕೇಳಲು ಹೋಗಿ ಕೂರಬಹುದಿತ್ತು. ಹಾಗೆ ಮಾಡದೆ ಶೇಫರ್ ಅವರನ್ನು ಹುಡುಕಿ ಹಿಡಿದು ಕಾರಿಡಾರಿನಲ್ಲೇ ಮಾತಿಗೆ ನಿಂತರು. ಮರುವರ್ಷ, 2009ರ ಅಕ್ಟೋಬರ್‌ನಲ್ಲಿ, ಡೆಬ್ವಾ ಬೆಲ್ಜಿಯಂನ ಗೆಂಟ್ ನಗರದಲ್ಲಿ ಮೊದಲ ಡೆವ್‌ಆಪ್ಸ್‌ಡೇಸ್ ನಡೆಸಿದರು. ಕೋಡ್ ಬರೆಯುವವರು ಮತ್ತು ಸರ್ವರ್ ನೋಡಿಕೊಳ್ಳುವವರು ಒಟ್ಟಾಗಿ ಕೆಲಸ ಮಾಡುವ ಪದ್ಧತಿಗೆ ಇವತ್ತು ಸಾಫ್ಟ್‌ವೇರ್ ಕಂಪನಿಗಳಲ್ಲೆಲ್ಲ ಕೇಳಿಬರುವ ಡೆವ್‌ಆಪ್ಸ್ ಎಂಬ ಹೆಸರು ಹರಡಿದ್ದು ಅಲ್ಲಿಂದ.

ಆ ಕಾರಿಡಾರಿನ ಮಾತುಕತೆ ಆಕಸ್ಮಿಕವಾಗಿ ಆದದ್ದಲ್ಲ. ಡೆವಲಪರ್‌ಗಳು ಒಂದು ಕಡೆ, ಸರ್ವರ್ ನೋಡಿಕೊಳ್ಳುವವರು ಇನ್ನೊಂದು ಕಡೆ ಎಳೆಯುವ ಕೆಲಸದ ನಡುವೆ ಸಿಕ್ಕಿ ಡೆಬ್ವಾ ಬೇಸತ್ತಿದ್ದರು. ಇದಕ್ಕೊಂದು ದಾರಿ ಇದೆಯೇ ಎಂಬ ಪ್ರಶ್ನೆ ಅವರ ತಲೆಯಲ್ಲಿ ಕೊರೆಯುತ್ತಿತ್ತು. ಅದಿಲ್ಲದಿದ್ದರೆ ಖಾಲಿ ಕೋಣೆಯಲ್ಲಿ ಕಾಣದ ಮನುಷ್ಯನನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ?

ಈ ಲೇಖನದಲ್ಲಿ ನಾನು ಹೇಳಲಿರುವುದೆಲ್ಲ ಇದರ ಸುತ್ತಲೇ ಇದೆ. ಬಹಳಷ್ಟು ಕಾನ್ಫರೆನ್ಸ್‌ಗಳ ಟಾಕ್‌ಗಳು ಕೆಲವು ವಾರಗಳಲ್ಲೇ ಯೂಟ್ಯೂಬ್‌ಗೆ ಬರುತ್ತವೆ. ಮನೆಯಲ್ಲಿ ಕೂತು, ಬೇಕಾದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬಹುದು. ರೆಕಾರ್ಡ್ ಆಗದೆ ಉಳಿಯುವುದು ಅಲ್ಲಿಗೆ ಬಂದ ಜನರ ಅನುಭವ. ಅದು ಸಿಗಬೇಕಾದರೆ ಕೇಳಬೇಕು. ಕೇಳಬೇಕಾದರೆ ನಿಮ್ಮ ಬಳಿ ಕೇಳುವಂಥದ್ದು ಏನಾದರೂ ಇರಬೇಕು.

ಯಾವುದಕ್ಕೆ ಹೋಗುವುದು

ಸ್ಥೂಲವಾಗಿ ಎರಡು ಬಗೆಯ ಕಾನ್ಫರೆನ್ಸ್‌ಗಳಿವೆ. ಕಂಪನಿಯೊಂದು ತನ್ನ ಪ್ರಾಡಕ್ಟ್‌ಗಾಗಿ ನಡೆಸುವುದು ಒಂದು ಬಗೆ. ಹೊಸ ಫೀಚರ್‌ಗಳ ಘೋಷಣೆ, ದೊಡ್ಡ ವೇದಿಕೆ, ಸಾವಿರಾರು ಜನ. ಬಳಕೆದಾರರ ಸಮುದಾಯವೇ ಸೇರಿ ನಡೆಸುವುದು ಇನ್ನೊಂದು ಬಗೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಪೈಕಾನ್, ಬ್ರಸೆಲ್ಸ್‌ನಲ್ಲಿ ಪ್ರತಿ ವರ್ಷ ನಡೆಯುವ ಓಪನ್ ಸೋರ್ಸ್ ಮಂದಿಯ ಫಾಸ್‌ಡೆಮ್, ಈಗ ಹತ್ತಾರು ದೇಶಗಳಲ್ಲಿ ನಡೆಯುವ ಡೆವ್‌ಆಪ್ಸ್‌ಡೇಸ್ ಈ ಸಾಲಿಗೆ ಸೇರುತ್ತವೆ. ಫಾಸ್‌ಡೆಮ್‌ಗೆ ಟಿಕೆಟ್ಟೂ ಇಲ್ಲ, ನೋಂದಣಿಯೂ ಇಲ್ಲ, ಸೀದಾ ಒಳಗೆ ಹೋಗಬಹುದು.

ನಿಮ್ಮ ಗುರಿ ಜನರನ್ನು ಕಾಣುವುದಾದರೆ ಸಮುದಾಯದ ಕಾನ್ಫರೆನ್ಸ್ ಆರಿಸಿಕೊಳ್ಳಿ, ಅದರಲ್ಲೂ ಚಿಕ್ಕದನ್ನು. ಇನ್ನೂರು ಜನ ಸೇರುವ ಕಡೆ ಬೆಳಿಗ್ಗೆ ಮಾತನಾಡಿಸಿದ ಮುಖ ಮಧ್ಯಾಹ್ನ ಮತ್ತೆ ಎದುರಾಗುತ್ತದೆ, ಎರಡನೇ ಸಲ ನಗುವುದು ಸುಲಭ. ಹತ್ತು ಸಾವಿರ ಜನರಿರುವ ಕಡೆ ಕಂಡವರು ಮತ್ತೆ ಕಾಣುವುದೇ ಕಷ್ಟ. ಕಾರ್ಯಕ್ರಮಪಟ್ಟಿ ನೋಡುವಾಗ ಒಂದು ಅಂಶ ಗಮನಿಸಿ: ಎರಡು ಟಾಕ್‌ಗಳ ನಡುವೆ ಎಷ್ಟು ಬಿಡುವಿದೆ? ಐದು ನಿಮಿಷವಷ್ಟೇ ಇದ್ದರೆ ದಿನವಿಡೀ ಕೋಣೆಯಿಂದ ಕೋಣೆಗೆ ಓಡುವುದೇ ಆಗುತ್ತದೆ. ಅರ್ಧ ಗಂಟೆಯ ಬಿಡುವುಗಳಿದ್ದರೆ ಸಂಘಟಕರಿಗೆ ಮಾತುಕತೆಯ ಬೆಲೆ ಗೊತ್ತಿದೆ ಎಂದರ್ಥ.

ಖರ್ಚಿನ ಬಗ್ಗೆ ಒಂದು ಮಾತು. ಪೈಕಾನ್‌ನಂಥ ಹಲವು ಸಮುದಾಯ ಕಾನ್ಫರೆನ್ಸ್‌ಗಳು ಬರಲಾಗದವರಿಗೆ ಆರ್ಥಿಕ ನೆರವು ಕೊಡುತ್ತವೆ. ಅದರ ಅರ್ಜಿಯ ಗಡುವು ಎಷ್ಟೋ ತಿಂಗಳು ಮುಂಚೆಯೇ ಮುಗಿಯುತ್ತದೆ, ಹಾಗಾಗಿ ಬೇಗ ನೋಡಿ. ವಾಲಂಟಿಯರ್ ಆಗಿ ಸೇರಿದರೆ ಕೆಲವು ಕಡೆ ಟಿಕೆಟ್ ಉಚಿತ. ಅಪರಿಚಿತರನ್ನು ತಾವಾಗಿ ಮಾತನಾಡಿಸಲು ಹಿಂಜರಿಯುವವರಿಗಂತೂ ನಾನು ಇದನ್ನೇ ಮೊದಲು ಸೂಚಿಸುತ್ತೇನೆ. ಬ್ಯಾಡ್ಜ್ ಕೊಡುವ ಮೇಜಿನ ಹಿಂದೆ ಕೂತರೆ ಬಂದವರೆಲ್ಲ ನಿಮ್ಮನ್ನೇ ಮಾತನಾಡಿಸುತ್ತಾರೆ, ನೀವು ನೆಪ ಹುಡುಕಬೇಕಾಗಿಲ್ಲ.

ಕಂಪನಿ ದುಡ್ಡಿನಲ್ಲಿ ಹೋಗುವುದಾದರೆ ಮ್ಯಾನೇಜರ್‌ಗೆ ಅರ್ಧ ಪುಟದ ಮೇಲ್ ಬರೆಯಿರಿ. ತಂಡದ ಯಾವ ತೊಂದರೆಗೆ ಉತ್ತರ ಹುಡುಕಲು ಹೋಗುತ್ತಿದ್ದೀರಿ, ಆ ತೊಂದರೆಯನ್ನು ಬಲ್ಲ ಯಾರು ಯಾರು ಅಲ್ಲಿಗೆ ಬರುತ್ತಿದ್ದಾರೆ, ಬಂದ ಮೇಲೆ ತಂಡಕ್ಕೆ ಏನು ಕೊಡುತ್ತೀರಿ, ಇಷ್ಟು ಸಾಕು. 'ಹೊಸ ವಿಷಯಗಳನ್ನು ಕಲಿಯಲು' ಎಂದು ಬರೆದ ಮೇಲ್‌ಗೆ ಬೇಡ ಎನ್ನುವುದು ಸುಲಭ.

ಪ್ರಶ್ನೆಯನ್ನು ಸಿದ್ಧಪಡಿಸುವುದು

ಇಲ್ಲಿ ಸಮಯ ಕೊಡಿ. ಹೊರಡುವ ಒಂದು ವಾರ ಮುಂಚೆ ಕೂತು, ಕಳೆದ ಮೂರು ತಿಂಗಳಲ್ಲಿ ಕೆಲಸದಲ್ಲಿ ನಿಮ್ಮನ್ನು ಕಾಡಿದ್ದು ಏನು ಎಂದು ಬರೆದುಕೊಳ್ಳಿ. ರಾತ್ರಿ ಎದ್ದು ನೋಡಬೇಕಾಗಿ ಬಂದ ಅಲರ್ಟ್, ಯಾರೂ ಮುಟ್ಟಲು ಹೆದರುವ ಮಾಡ್ಯೂಲ್, ವಾರಕ್ಕೊಮ್ಮೆ ಕಾರಣವಿಲ್ಲದೆ ಫೇಲ್ ಆಗುವ ಟೆಸ್ಟ್. ಅದರಲ್ಲಿ ಒಂದನ್ನು ಆರಿಸಿ.

ಆಮೇಲೆ ಅದನ್ನು ಹರಿತ ಮಾಡಬೇಕು. ಡೇಟಾಬೇಸ್‌ನ ರಚನೆ ಬದಲಿಸುವ ಕೆಲಸದ (ಮೈಗ್ರೇಷನ್) ಒಂದು ಉದಾಹರಣೆ ನೋಡಿ. 'ದೊಡ್ಡ ಡೇಟಾಬೇಸ್‌ನಲ್ಲಿ ನೀವು ಮೈಗ್ರೇಷನ್ ಹೇಗೆ ಮಾಡ್ತೀರಿ?' ಎಂದು ಕೇಳಿದರೆ ಎದುರಿನವರು ಎಲ್ಲಿಂದ ಶುರು ಮಾಡಬೇಕು? 'ತುಂಬ ಹುಷಾರಾಗಿ ಮಾಡ್ತೀವಿ' ಎಂದು ನಕ್ಕು ಸುಮ್ಮನಾಗುತ್ತಾರೆ. ಅದನ್ನೇ ಹೀಗೆ ಕೇಳಿ: 'ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಒಂದು ದೊಡ್ಡ ಟೇಬಲ್‌ಗೆ ಕಾಲಂ ಸೇರಿಸುವ ಕಮಾಂಡ್ ಕ್ಷಣದಲ್ಲಿ ಮುಗಿಯಬೇಕು. ಆದರೆ ಅದೇ ಹೊತ್ತಿಗೆ ಆ ಟೇಬಲ್ ಮೇಲೆ ಉದ್ದದ ರಿಪೋರ್ಟ್ ಕ್ವೆರಿ ಓಡ್ತಿದ್ದರೆ ಇದು ಲಾಕ್‌ಗಾಗಿ ಕಾಯುತ್ತೆ, ಇದರ ಹಿಂದೆ ಬಂದ ಕ್ವೆರಿಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ, ಸೈಟೇ ನಿಂತುಬಿಡುತ್ತೆ. ನಿಮ್ಮಲ್ಲಿ ಇದನ್ನು ಹೇಗೆ ತಪ್ಪಿಸಿದ್ದೀರಿ?'

ಈಗ ಉತ್ತರಗಳು ಬರುತ್ತವೆ. ಒಬ್ಬರು ಲಾಕ್ ಟೈಮ್‌ಔಟ್ ಅನ್ನು ಒಂದೆರಡು ಸೆಕೆಂಡಿಗೆ ಇಟ್ಟು, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸುವ ಸ್ಕ್ರಿಪ್ಟ್ ಬರೆದಿರುವುದಾಗಿ ಹೇಳುತ್ತಾರೆ. ಇನ್ನೊಬ್ಬರು ರಿಪೋರ್ಟ್‌ಗಳನ್ನೆಲ್ಲ ರೆಪ್ಲಿಕಾಗೆ (ಡೇಟಾಬೇಸ್‌ನ ಇನ್ನೊಂದು ಪ್ರತಿಗೆ) ಸಾಗಿಸಿದ ಕಥೆ ಹೇಳುತ್ತಾರೆ. ಮೂರನೆಯವರು 'ಯಾವ ವರ್ಶನ್?' ಎಂದು ಕೇಳುತ್ತಾರೆ. 2018ರಲ್ಲಿ ಬಂದ ಪೋಸ್ಟ್‌ಗ್ರೆಸ್ 11ರ ನಂತರ ಸ್ಥಿರವಾದ ಡೀಫಾಲ್ಟ್ ಮೌಲ್ಯವಿರುವ ಕಾಲಂ ಸೇರಿಸಲು ಇಡೀ ಟೇಬಲ್ ಮತ್ತೆ ಬರೆಯಬೇಕಾಗಿಲ್ಲ, ಅದಕ್ಕಿಂತ ಹಳೆಯದಾದರೆ ತೊಂದರೆ ಲಾಕ್‌ಗೆ ಕಾಯುವುದರಲ್ಲಿ ಮುಗಿಯುವುದಿಲ್ಲ. ಒಂದೇ ಪ್ರಶ್ನೆಗೆ ಮೂರು ಸುಳಿವು, ಮೂರು ಪರಿಚಯ. ಅವರಲ್ಲಿ ಒಬ್ಬರಿಗಾದರೂ ಇದೇ ತೊಂದರೆ ಇನ್ನೂ ಬಗೆಹರಿದಿರುವುದಿಲ್ಲ. ಅಂಥವರೇ ಮುಂದೆ ಒಳ್ಳೆಯ ಸ್ನೇಹಿತರಾಗುವುದು.

ಒಳ್ಳೆಯ ಪ್ರಶ್ನೆಯನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದು. ನೀವೇ ಏನಾದರೂ ಪ್ರಯತ್ನಿಸಿ ನೋಡಿರಬೇಕು, ಯಾಕೆಂದರೆ 'ಅದನ್ನು ಮಾಡಿ ನೋಡಿದ್ರಾ?' ಎಂಬುದೇ ಎದುರಿನವರ ಮೊದಲ ಮಾತು. ಡಾಕ್ಯುಮೆಂಟೇಶನ್ ಓದಿದರೆ ಸಿಗುವ ಉತ್ತರವಾಗಿದ್ದರೆ ಅದನ್ನು ಮನೆಯಲ್ಲೇ ಓದಿಬಿಡಿ. ಮಾಡಿದವರಿಗಷ್ಟೇ ಗೊತ್ತಿರುವಂಥದ್ದನ್ನು ಇಲ್ಲಿಗೆ ಉಳಿಸಿಕೊಳ್ಳಿ.

ಕೆಲಸಕ್ಕೆ ಈಗಷ್ಟೇ ಸೇರಿದವರು, ವಿದ್ಯಾರ್ಥಿಗಳು 'ನನ್ನ ಬಳಿ ಅಂಥ ಪ್ರಶ್ನೆ ಎಲ್ಲಿದೆ?' ಎನ್ನಬಹುದು. ಇದೆ. 'ನಿಮ್ಮ ತಂಡಕ್ಕೆ ಹೊಸಬರು ಬಂದಾಗ ಮೊದಲ ತಿಂಗಳು ಯಾವ ಕೋಡ್ ಓದಲು ಕೊಡ್ತೀರಿ, ಯಾಕೆ?' ಎಂದು ಕೇಳಿ ನೋಡಿ. ಹತ್ತು ವರ್ಷ ಕೆಲಸ ಮಾಡಿದವರೂ ಒಂದು ಕ್ಷಣ ಯೋಚಿಸಿ ಮನಸ್ಸಿಟ್ಟು ಉತ್ತರಿಸುವ ಪ್ರಶ್ನೆ ಇದು.

ಹೊರಡುವ ಮುಂಚೆ ಒಂದು ಎಚ್ಚರಿಕೆಯೂ ಅಗತ್ಯ. ಕೆಲಸದ ತೊಂದರೆ ಹೇಳುವಾಗ ಗ್ರಾಹಕರ ಹೆಸರು, ವ್ಯವಹಾರದ ಅಂಕಿಅಂಶ, ಸೆಕ್ಯುರಿಟಿ ಲೋಪ, ಇನ್ನೂ ಹೊರಬರದ ಪ್ರಾಡಕ್ಟ್ ಇವು ಬಾಯಿಗೆ ಬರಬಾರದು. ಎಲ್ಲಿಯವರೆಗೆ ಹೇಳಬಹುದು ಎಂಬುದನ್ನು ಮ್ಯಾನೇಜರ್ ಹತ್ತಿರ ಮೊದಲೇ ಕೇಳಿ ತಿಳಿದುಕೊಂಡರೆ ಅಲ್ಲಿ ತಡವರಿಸಬೇಕಾಗಿಲ್ಲ.

ಮುಂಚಿತವಾಗಿ ಒಂದೆರಡು ಮೆಸೇಜ್

ಕಾರ್ಯಕ್ರಮಪಟ್ಟಿ ಬಂದ ಕೂಡಲೇ ನಿಮ್ಮ ಪ್ರಶ್ನೆಗೆ ಹತ್ತಿರವಾದ ಟಾಕ್‌ಗಳನ್ನು ಗುರುತು ಹಾಕಿ. ಎಲ್ಲ ಸ್ಲಾಟ್‌ಗಳನ್ನೂ ತುಂಬಬೇಡಿ. ಅರ್ಧ ದಿನಕ್ಕೆ ಎರಡು ಟಾಕ್ ಸಾಕು, ಉಳಿದ ಹೊತ್ತು ಜನರಿಗಿರಲಿ. ಎರಡು ಒಳ್ಳೆಯ ಟಾಕ್‌ಗಳು ಒಂದೇ ಹೊತ್ತಿಗೆ ಬಿದ್ದರೆ ರೆಕಾರ್ಡ್ ಆಗದ್ದಕ್ಕೆ ಹೋಗಿ. ವರ್ಕ್‌ಶಾಪ್ ಮತ್ತು ಚರ್ಚಾಗೋಷ್ಠಿಗಳು ಸಾಮಾನ್ಯವಾಗಿ ರೆಕಾರ್ಡ್ ಆಗುವುದಿಲ್ಲ.

ಸ್ಪೀಕರ್‌ಗಳಲ್ಲೋ ನೀವು ಬಳಸುವ ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳಲ್ಲೋ ಇಬ್ಬರು ಮೂವರಿಗೆ ಮುಂಚೆಯೇ ಬರೆಯಿರಿ. ಬರೆಯುವುದು ಇಷ್ಟೇ: 'ನಿಮ್ಮ ಟಾಕ್‌ನ ಸಾರಾಂಶ ಓದಿದೆ. ಕ್ಯೂ ತುಂಬಿದಾಗ ಹಳೆಯ ಮೆಸೇಜ್‌ಗಳನ್ನು ಬಿಟ್ಟುಬಿಡುವ ನಿಮ್ಮ ತೀರ್ಮಾನದ ಬಗ್ಗೆ ನನಗೊಂದು ಪ್ರಶ್ನೆ ಇದೆ, ನಾವು ಉಲ್ಟಾ ದಾರಿ ಹಿಡಿದಿದ್ದೇವೆ. ಟಾಕ್ ಆದ ಮೇಲೆ ಹತ್ತು ನಿಮಿಷ ಸಿಗಬಹುದಾ?' ಎಲ್ಲರೂ ಉತ್ತರಿಸುವುದಿಲ್ಲ. ಉತ್ತರ ಬಾರದಿದ್ದರೂ ಪರವಾಗಿಲ್ಲ, ಎದುರು ಸಿಕ್ಕಾಗ 'ಕ್ಯೂ ಬಗ್ಗೆ ಬರೆದಿದ್ದೆನಲ್ಲ, ಅದು ನಾನೇ' ಎಂದು ಶುರು ಮಾಡಬಹುದು. 'ನಿಮ್ಮ ದೊಡ್ಡ ಅಭಿಮಾನಿ, ಭೇಟಿಯಾಗಬೇಕು' ಎಂಬ ಮೆಸೇಜ್‌ನಲ್ಲಿ ಉತ್ತರಿಸಲು ಏನೂ ಇಲ್ಲ.

ಲಿಂಕ್ಡ್‌ಇನ್, ಗಿಟ್‌ಹಬ್ ಪ್ರೊಫೈಲ್‌ಗಳಲ್ಲಿ ಈಗಿನ ಕೆಲಸ ಸರಿಯಾಗಿದೆಯೇ ನೋಡಿ, ಗುರುತು ಸಿಗುವಂಥ ಫೋಟೋ ಹಾಕಿ. ಪ್ರೊಫೈಲ್‌ನ ಕ್ಯೂಆರ್ ಕೋಡ್ ಫೋನಿನಲ್ಲಿ ಕೈಗೆ ಸಿಗುವಂತಿರಲಿ. ಬ್ಯಾಟರಿ ಖಾಲಿಯಾದ ಫೋನ್ ಸಂಜೆಯ ಹೊತ್ತಿಗೆ ಯಾವ ಉಪಯೋಗಕ್ಕೂ ಬಾರದು, ಪವರ್ ಬ್ಯಾಂಕ್ ಇರಲಿ. ಒಂದು ಸಣ್ಣ ನೋಟ್‌ಬುಕ್, ಪೆನ್. ಲ್ಯಾಪ್‌ಟಾಪ್ ತೀರಾ ಬೇಕಾದರೆ ಮಾತ್ರ ಒಯ್ಯಿರಿ. ಅದು ತೆರೆದಿದ್ದರೆ ಯಾರೂ ಹತ್ತಿರ ಬರುವುದಿಲ್ಲ.

ಮೊದಲ ದಿನ ಬೆಳಿಗ್ಗೆ

ಬೇಗ ಹೋಗಿ. ಕೀನೋಟ್‌ಗೆ ಒಂದು ಗಂಟೆ ಮುಂಚೆ ಬಂದವರು ಕೆಲವೇ ಜನ, ಅವರಲ್ಲಿ ಹಲವರು ಒಬ್ಬಂಟಿಯಾಗಿ ಬಂದವರು. ಗುಂಪುಗಳು ಇನ್ನೂ ಕಟ್ಟಿಕೊಂಡಿರುವುದಿಲ್ಲ. ನೋಂದಣಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತವರೇ ನಿಮ್ಮ ಮೊದಲ ಪರಿಚಯ. ಮೊದಲ ಸಲ ಬಂದವರಿಗಾಗಿ ಪರಿಚಯ ಸಭೆ ಇಟ್ಟಿದ್ದರೆ ತಪ್ಪಿಸಿಕೊಳ್ಳಬೇಡಿ. ಅಲ್ಲಿರುವ ಎಲ್ಲರೂ ನಿಮ್ಮ ಹಾಗೆಯೇ ಯಾರನ್ನಾದರೂ ಮಾತನಾಡಿಸಲು ಕಾದಿರುತ್ತಾರೆ.

ಕಂಪನಿಯಿಂದ ನಾಲ್ಕೈದು ಜನ ಒಟ್ಟಿಗೆ ಬಂದಿದ್ದರೆ ಬಾಗಿಲಲ್ಲೇ ಬೇರೆಯಾಗಿ. ಸಂಜೆ ಸೇರಿ ಯಾರಿಗೆ ಏನು ಸಿಕ್ಕಿತು ಎಂದು ಹೇಳಿಕೊಳ್ಳಿ. ಆಫೀಸಿನಲ್ಲಿ ದಿನಾ ಜೊತೆಗೆ ಕೂರುವವರೇ ಇಲ್ಲೂ ಒಂದೇ ಸಾಲಿನಲ್ಲಿ ಕೂತು ಒಂದೇ ಮೇಜಿನಲ್ಲಿ ಊಟ ಮಾಡಿ ಹಿಂತಿರುಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಷ್ಟು ದೂರ ಬಂದು ಯಾರನ್ನೂ ಕಾಣದೆ ಹೋದರಲ್ಲ!

ಮಾತಿಗೆ ನಿಲ್ಲುವುದು

ಶುರುವಿಗೆ ಜಾಣ ಮಾತು ಬೇಕಿಲ್ಲ. 'ಈಗ ಮುಗಿದ ಟಾಕ್ ಹೇಗನ್ನಿಸಿತು?', 'ನೀವು ಯಾವ ಬಗೆಯ ಸಿಸ್ಟಮ್ ಮೇಲೆ ಕೆಲಸ ಮಾಡ್ತೀರಿ?' ಇವು ಎಲ್ಲ ಕಡೆಯೂ ನಡೆಯುತ್ತವೆ. ನಿಮ್ಮನ್ನು ಪರಿಚಯಿಸಿಕೊಳ್ಳುವಾಗ ಹುದ್ದೆಯ ಬದಲು ಕೆಲಸ ಹೇಳಿ. 'ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್' ಎಂದರೆ ಮುಂದೆ ಏನು ಕೇಳಬೇಕೋ ತೋಚುವುದಿಲ್ಲ. 'ಆಸ್ಪತ್ರೆಗಳ ಲ್ಯಾಬ್ ರಿಪೋರ್ಟ್ ರೋಗಿಗಳ ಫೋನಿಗೆ ತಲುಪಿಸುವ ಭಾಗ ನಮ್ಮದು, ಈಗ ಡುಪ್ಲಿಕೇಟ್ ಮೆಸೇಜ್‌ಗಳ ಜೊತೆ ಹೋರಾಡ್ತಿದ್ದೀವಿ' ಎಂದರೆ ಮಾತು ತಾನಾಗಿ ಮುಂದುವರಿಯುತ್ತದೆ.

ಇಂಥ ಒಂದು ಮಾತುಕತೆ ಹೇಗೆ ಸಾಗಬಹುದು ನೋಡಿ.

'ಡುಪ್ಲಿಕೇಟಾ? ಕ್ಯೂ ಎರಡು ಸಲ ಕೊಡ್ತಿದೆಯೋ, ನೀವೇ ಎರಡು ಸಲ ಕಳಿಸ್ತಿದ್ದೀರೋ?'

'ಕಳಿಸಿದ ಮೇಲೆ ಅಕ್ನಾಲೆಜ್ ಮಾಡೋ ಮುಂಚೆ ಪ್ರೊಸೆಸ್ ಸತ್ತರೆ ಮತ್ತೆ ಬರುತ್ತೆ.'

'ಹಾಗಾದ್ರೆ ಅದು ಇದ್ದದ್ದೇ. ಪ್ರತಿ ರಿಪೋರ್ಟ್‌ಗೂ ಒಂದು ಐಡಿ ಇದೆ ತಾನೇ? ಕಳಿಸೋ ಮುಂಚೆ ಅದನ್ನ ಬರೆದಿಟ್ಟು ನೋಡ್ತೀರಾ?'

'ಐಡಿ ಇದೆ, ಆದರೆ ತಿದ್ದಿದ ರಿಪೋರ್ಟ್‌ಗೂ ಅದೇ ಐಡಿ ಬರುತ್ತೆ.'

'ಓ, ಅಲ್ಲಿದೆ ನೋಡಿ ವಿಷಯ.'

ಎರಡು ನಿಮಿಷದ ಹಿಂದೆ ಇವರು ಅಪರಿಚಿತರು. ಇಬ್ಬರೂ ತಮ್ಮ ಹೆಸರಿನ್ನೂ ಹೇಳಿಕೊಂಡಿಲ್ಲ, ಆದರೂ ಜೊತೆಗೆ ಕೂತು ಡೀಬಗ್ ಮಾಡುತ್ತಿದ್ದಾರೆ. ಡೆವಲಪರ್‌ಗಳ ನಡುವೆ ಪರಿಚಯ ಆಗುವುದು ಹೀಗೆ, ಸಮಸ್ಯೆಯ ಮೂಲಕ.

ಆಗಲೇ ಮಾತನಾಡುತ್ತಿರುವ ಗುಂಪಿಗೆ ಸೇರುವುದು ಬಹಳ ಜನರಿಗೆ ಕಷ್ಟ. ಸಾಫ್ಟ್‌ವೇರ್ ಡಾಕ್ಯುಮೆಂಟೇಶನ್ ಬರೆಯುವವರ ರೈಟ್ ದ ಡಾಕ್ಸ್ ಕಾನ್ಫರೆನ್ಸ್‌ನ ಸ್ಥಾಪಕರಲ್ಲಿ ಒಬ್ಬರಾದ ಎರಿಕ್ ಹೋಲ್ಶರ್ ಇದಕ್ಕೊಂದು ಸರಳ ನಿಯಮ ಕೊಟ್ಟಿದ್ದಾರೆ, ಪ್ಯಾಕ್‌ಮ್ಯಾನ್ ನಿಯಮ ಎಂದೇ ಅದರ ಹೆಸರು. ಗುಂಪಾಗಿ ನಿಂತಾಗ ಪೂರ್ತಿ ವೃತ್ತ ಕಟ್ಟದೆ ಇನ್ನೊಬ್ಬರು ಬಂದು ನಿಲ್ಲುವಷ್ಟು ಜಾಗ ಬಿಡಿ, ಪ್ಯಾಕ್‌ಮ್ಯಾನ್ ಎಂಬ ಹಳೆಯ ವಿಡಿಯೋ ಗೇಮಿನ ಬಾಯಿ ತೆರೆದ ಆಕೃತಿಯ ಹಾಗೆ. ಯಾರಾದರೂ ಬಂದು ಸೇರಿದರೆ ಮತ್ತೆ ಸರಿದು ಇನ್ನೊಂದು ಜಾಗ ಮಾಡಿ. ನೀವು ಗುಂಪಿನಲ್ಲಿದ್ದಾಗ ಇದನ್ನು ಪಾಲಿಸಿ, ಸೇರಬೇಕೆಂದಾಗ ಇಂಥ ಜಾಗವಿರುವ ಗುಂಪನ್ನು ಹುಡುಕಿ. ಬಂದ ಹೊಸಬರಿಗೆ 'ಇವರ ಕ್ಯಾಶ್ ಯಾಕೆ ಖಾಲಿಯಾಗ್ತಿದೆ ಅಂತ ಮಾತಾಡ್ತಿದ್ದೀವಿ' ಎಂದು ಒಂದು ಸಾಲಿನಲ್ಲಿ ಹೇಳಿದರೆ ಅವರು ಮೂಕರಾಗಿ ನಿಲ್ಲಬೇಕಾಗುವುದಿಲ್ಲ. ಇಬ್ಬರು ಮುಖಕ್ಕೆ ಮುಖ ಕೊಟ್ಟು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರೆ ಅವರನ್ನು ಅವರ ಪಾಡಿಗೆ ಬಿಡಿ.

ಮಾತು ಮುಗಿಸಿ ಹೊರಡುವುದನ್ನೂ ಕಲಿಯಬೇಕು. 'ನಿಮ್ಮ ಜೊತೆ ಮಾತಾಡಿ ಖುಷಿಯಾಯ್ತು, ಇನ್ನೂ ಒಂದಿಬ್ಬರನ್ನು ನೋಡಬೇಕು, ಆ ರಿಟ್ರೈ ಬಗ್ಗೆ ಮೇಲ್ ಮಾಡ್ತೀನಿ' ಎಂದು ಹೇಳಿ ಹೊರಡಿ. ಇದಕ್ಕೆ ಯಾರೂ ಬೇಸರಪಡುವುದಿಲ್ಲ. ಫೋನ್ ನೋಡುತ್ತಾ ಮೆಲ್ಲಗೆ ಜಾರಿಕೊಳ್ಳುವುದು ಬೇಡ.

ಸ್ಪೀಕರ್‌ಗಳನ್ನು ಮಾತನಾಡಿಸುವ ವಿಷಯ. ಟಾಕ್ ಮುಗಿದ ಕೂಡಲೇ ವೇದಿಕೆಯ ಬಳಿ ಜನ ಮುತ್ತಿಕೊಳ್ಳುತ್ತಾರೆ, ಅವರೂ ದಣಿದಿರುತ್ತಾರೆ. ಒಂದೆರಡು ಗಂಟೆ ಬಿಟ್ಟು ನೋಡಿ, ಅವರೇ ಕಾರಿಡಾರಿನಲ್ಲಿ ಒಬ್ಬರೇ ನಿಂತಿರುತ್ತಾರೆ. ವೇದಿಕೆ ಏರಿದವರನ್ನು ಮಾತನಾಡಿಸಲು ಬಹಳ ಮಂದಿ ಹಿಂಜರಿಯುವುದರಿಂದ ಸ್ಪೀಕರ್‌ಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿರುತ್ತಾರೆ. 'ಚೆನ್ನಾಗಿತ್ತು' ಎನ್ನುವುದರ ಜೊತೆಗೆ ಅವರ ಟಾಕ್‌ನ ಯಾವ ಮಾತು ನಿಮ್ಮ ಕೆಲಸಕ್ಕೆ ತಾಗಿತು ಎಂದೂ ಹೇಳಿ. ಟಾಕ್‌ನ ಕೊನೆಯ ಪ್ರಶ್ನೋತ್ತರದಲ್ಲಿ ಮೈಕ್ ಸಿಕ್ಕರೆ ಒಂದೇ ವಾಕ್ಯ, ಅದು ಪ್ರಶ್ನೆಯಾಗಿರಲಿ. ನಿಮ್ಮ ಅನುಭವದ ಕಥೆ ಹೇಳಬೇಕೆನಿಸಿದರೆ ಹೊರಗೆ ಹೇಳಿ.

ಗೋಷ್ಠಿ, ಲೈಟ್ನಿಂಗ್ ಟಾಕ್, ಸ್ಪ್ರಿಂಟ್

ಹ್ಯಾರಿಸನ್ ಓವನ್ ಎಂಬವರು 1980ರ ದಶಕದ ಆರಂಭದಲ್ಲಿ ಒಂದು ವರ್ಷ ದುಡಿದು ದೊಡ್ಡ ಸಮ್ಮೇಳನ ಏರ್ಪಡಿಸಿದ್ದರು. ಕೊನೆಗೆ ಬಂದವರೆಲ್ಲ ಮೆಚ್ಚಿದ್ದು ಕಾಫಿ ವಿರಾಮಗಳನ್ನು. ಹಾಗಾದರೆ ವಿರಾಮವನ್ನೇ ಸಮ್ಮೇಳನ ಮಾಡಿದರೆ ಹೇಗೆ ಎಂದು ಅವರು 1985ರಲ್ಲಿ ರೂಪಿಸಿದ್ದೇ ಓಪನ್ ಸ್ಪೇಸ್. ಮುಂಚಿತ ಕಾರ್ಯಕ್ರಮಪಟ್ಟಿ ಇರುವುದಿಲ್ಲ, ಬಂದವರೇ ಬೆಳಿಗ್ಗೆ ವಿಷಯ ಬರೆದು ಗೋಡೆಗೆ ಅಂಟಿಸುತ್ತಾರೆ. ಎರಡು ಕಾಲಿನ ನಿಯಮ ಎಂಬುದೂ ಅದರಲ್ಲಿದೆ: ಕೂತಲ್ಲಿ ನೀವು ಕಲಿಯುತ್ತಲೂ ಇಲ್ಲ, ಏನೂ ಕೊಡುತ್ತಲೂ ಇಲ್ಲ ಎನಿಸಿದರೆ ಎದ್ದು ಬೇರೆ ಕಡೆ ಹೋಗಿ. ಡೆವ್‌ಆಪ್ಸ್‌ಡೇಸ್‌ಗಳಲ್ಲಿ ಮಧ್ಯಾಹ್ನದ ಹೊತ್ತು ಇಂದಿಗೂ ಓಪನ್ ಸ್ಪೇಸ್‌ಗೆ ಮೀಸಲು. ಬೇರೆ ಕಾನ್ಫರೆನ್ಸ್‌ಗಳಲ್ಲಿ ಇದೇ ಬಗೆಯ ಚರ್ಚೆಗಳನ್ನು ಬಿಒಎಫ್ (ಬರ್ಡ್ಸ್ ಆಫ್ ಎ ಫೆದರ್, ಒಂದೇ ಆಸಕ್ತಿಯವರ ಕೂಟ) ಎಂದು ಕರೆಯುತ್ತಾರೆ. ನಿಮ್ಮ ಪ್ರಶ್ನೆಯನ್ನೇ ವಿಷಯವಾಗಿ ಬರೆದು ಅಂಟಿಸಿ. ಪರಿಣತರಾಗಿರಬೇಕಿಲ್ಲ, 'ನನಗಿದು ಗೊತ್ತಿಲ್ಲ, ಗೊತ್ತಿದ್ದವರು ಬನ್ನಿ' ಎಂದರೆ ಸಾಕು. ಐದು ಜನ ಬಂದರೂ ಅವರೆಲ್ಲ ಅದೇ ವಿಷಯಕ್ಕೆ ಬಂದವರು. ಒಬ್ಬರೇ ಬಂದರೆ ಏನಾಗಬಹುದು ಎಂಬುದಕ್ಕೆ ಟೊರೊಂಟೊ ಇದೆ, ಆದ್ದರಿಂದ ನೀವೇ ಅಂಟಿಸಿದ ಚರ್ಚೆಗೆ ನೀವು ತಪ್ಪದೆ ಹೋಗಿ.

ಲೈಟ್ನಿಂಗ್ ಟಾಕ್ ಎಂದರೆ ಸಾಮಾನ್ಯವಾಗಿ ಐದು ನಿಮಿಷ. ಅಲ್ಲೇ ಹೆಸರು ಕೊಟ್ಟು ವೇದಿಕೆ ಏರಬಹುದು. 2013ರ ಪೈಕಾನ್‌ನಲ್ಲಿ ಸಾಲೊಮನ್ ಹೈಕ್ಸ್ ಡಾಕರ್ ಅನ್ನು (ಆ್ಯಪ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಟೂಲ್) ಜನರೆದುರು ಮೊದಲು ತೋರಿಸಿದ್ದು ಇಂಥದ್ದೇ ಐದು ನಿಮಿಷದ ಟಾಕ್‌ನಲ್ಲಿ. ನೀವು ಅಷ್ಟು ದೊಡ್ಡದನ್ನು ತರಬೇಕಿಲ್ಲ. ಒಂದು ಬಗ್, ಅದನ್ನು ಹಿಡಿದ ಬಗೆ, ನಾಲ್ಕು ಸ್ಲೈಡ್. ಇದರ ಲಾಭ ಆಮೇಲೆ ಬರುತ್ತದೆ. ಅಲ್ಲಿಯವರೆಗೆ ನೀವು ಜನರ ಹತ್ತಿರ ಹೋಗುತ್ತಿದ್ದಿರಿ, ಆ ಐದು ನಿಮಿಷದ ನಂತರ ಅದೇ ಬಗ್ ಕಂಡವರು ನಿಮ್ಮ ಹತ್ತಿರ ಬರುತ್ತಾರೆ. ಸಂಕೋಚದ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಓಪನ್ ಸೋರ್ಸ್ ಕಾನ್ಫರೆನ್ಸ್‌ಗಳಲ್ಲಿ ಮುಖ್ಯ ದಿನಗಳ ನಂತರ ಸ್ಪ್ರಿಂಟ್ ಇರುತ್ತದೆ. ಪ್ರಾಜೆಕ್ಟ್‌ಗಳ ಮೇಂಟೇನರ್‌ಗಳೇ ಮೇಜಿಗೊಬ್ಬರಂತೆ ಕೂತು ಹೊಸಬರಿಗೆ ಸುಲಭದ ಇಶ್ಯೂ ಆರಿಸಿ ಕೊಡುತ್ತಾರೆ. ಒಂದು ದಿನವಾದರೂ ಉಳಿಯಲು ಸಾಧ್ಯವಾದರೆ ಉಳಿಯಿರಿ. ಲ್ಯಾಪ್‌ಟಾಪ್ ಬೇಕಾಗುವುದು ಇಲ್ಲಿ. ಪ್ರಾಜೆಕ್ಟ್‌ನ ಕೋಡ್ ಇಳಿಸಿ ಟೆಸ್ಟ್‌ಗಳು ಓಡುವಂತೆ ಹಿಂದಿನ ರಾತ್ರಿಯೇ ಸಿದ್ಧ ಮಾಡಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಪುಲ್ ರಿಕ್ವೆಸ್ಟ್ (ಪ್ರಾಜೆಕ್ಟ್‌ಗೆ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಒಂದನ್ನು ಜೊತೆಗೆ ಕೂತು ಮಾಡಿದವರು ಹೆಸರು ಮರೆಯುವುದಿಲ್ಲ.

ಸ್ಪಾನ್ಸರ್‌ಗಳ ಬೂತ್‌ಗಳಲ್ಲಿ ಬ್ಯಾಡ್ಜ್ ಸ್ಕ್ಯಾನ್ ಮಾಡಲು ಬಿಟ್ಟರೆ ನಿಮ್ಮ ಇಮೇಲ್ ಅವರಿಗೆ ಹೋಯಿತು ಎಂದೇ ತಿಳಿಯಿರಿ, ಬೇಡವಾದರೆ ಬೇಡ ಎನ್ನಿ. ಬೂತ್‌ನಲ್ಲಿ ಎಂಜಿನಿಯರ್‌ಗಳೂ ಇರುತ್ತಾರೆ, 'ಈ ಟೂಲ್ ಯಾವುದಕ್ಕೆ ಹೊಂದುವುದಿಲ್ಲ?' ಎಂದು ಅವರನ್ನು ಕೇಳಿ. ಕೆಲಸ ಹುಡುಕುತ್ತಿದ್ದರೆ ಮುಚ್ಚಿಡಬೇಡಿ, ಆದರೆ ಮೊದಲ ಮಾತೇ ಅದಾಗದಿರಲಿ.

ಸುಸ್ತು, ಸುರಕ್ಷತೆ

ದಿನವಿಡೀ ಹೊಸಬರ ಜೊತೆ ಮಾತನಾಡುವುದು ದಣಿಸುವ ಕೆಲಸ. ಮಧ್ಯೆ ಅರ್ಧ ಗಂಟೆ ಒಬ್ಬರೇ ಹೊರಗೆ ನಡೆದು ಬನ್ನಿ. ಹಲವು ಕಡೆ ಮೌನ ಕೋಣೆ ಇರುತ್ತದೆ, ಅಲ್ಲಿ ಮಾತು ನಿಷಿದ್ಧ. ಸಂಜೆಯ ಪಾರ್ಟಿಗೆ ಹೋಗಲೇಬೇಕೆಂದಿಲ್ಲ. ಗದ್ದಲದಲ್ಲಿ ಕಿರುಚುವುದಕ್ಕಿಂತ ನಾಲ್ಕು ಜನ ಬೇರೆಯಾಗಿ ಊಟಕ್ಕೆ ಕೂರುವುದು ಎಷ್ಟೋ ವಾಸಿ.

ಕೋಡ್ ಆಫ್ ಕಂಡಕ್ಟ್ ಇದೆಯೇ, ದೂರು ಯಾರಿಗೆ ಕೊಡಬೇಕು ಎಂಬುದನ್ನು ಟಿಕೆಟ್ ಕೊಳ್ಳುವ ಮುಂಚೆ ಓದಿ. ಯಾರಾದರೂ ಕಿರಿಕಿರಿ ಮಾಡಿದರೆ, ಹಿಂಬಾಲಿಸಿದರೆ, ಅಸಭ್ಯವಾಗಿ ನಡೆದುಕೊಂಡರೆ ಸಂಘಟಕರಿಗೆ ಹೇಳಿ. ಅದನ್ನು ನೋಡಿಕೊಳ್ಳುವುದು ಅವರ ಕೆಲಸ, ನೀವು ಸಹಿಸಿಕೊಳ್ಳಬೇಕಾಗಿಲ್ಲ. ಇನ್ನೊಬ್ಬರಿಗೆ ಹಾಗಾಗುವುದು ಕಂಡರೆ ಅವರ ಪಕ್ಕಕ್ಕೆ ಹೋಗಿ ನಿಂತು 'ನಿಮ್ಮನ್ನೇ ಹುಡುಕ್ತಿದ್ದೆ' ಎಂದು ಕರೆದುಕೊಂಡು ಬನ್ನಿ. ಬ್ಯಾಡ್ಜ್‌ನ ದಾರದ ಬಣ್ಣ ಕೆಲವು ಕಡೆ ಫೋಟೋ ಬೇಡ ಎಂಬುದರ ಗುರುತು, ಅದನ್ನು ಗೌರವಿಸಿ. ಹೆಣ್ಣುಮಕ್ಕಳನ್ನು 'ನೀವೂ ಕೋಡ್ ಬರೀತೀರಾ?' ಎಂದು ಕೇಳುವವರು ಇನ್ನೂ ಇದ್ದಾರೆ. ಡೆವಲಪರ್ ಕಾನ್ಫರೆನ್ಸ್‌ಗೆ ಬಂದವರು ಡೆವಲಪರ್ ಎಂದೇ ತಿಳಿದು ಮಾತು ಶುರು ಮಾಡಿ.

ಹಿಂತಿರುಗಿದ ಮೇಲೆ

ಪ್ರತಿ ಮಾತುಕತೆ ಮುಗಿದ ಕೂಡಲೇ ಪಕ್ಕಕ್ಕೆ ಸರಿದು ಎರಡು ಸಾಲು ಬರೆದುಕೊಳ್ಳಿ: ಯಾರು, ಯಾವ ವಿಷಯ, ನೀವು ಏನು ಕಳಿಸುವುದಾಗಿ ಹೇಳಿದಿರಿ. ರಾತ್ರಿ ಬರೆಯೋಣವೆಂದರೆ ಯಾರು ಏನು ಹೇಳಿದರು ಎಂಬುದು ಕಲಸಿಹೋಗಿರುತ್ತದೆ.

ಎರಡು ಮೂರು ದಿನದೊಳಗೆ ಮೇಲ್ ಕಳಿಸಿ. 'ತಿದ್ದಿದ ರಿಪೋರ್ಟ್‌ಗೂ ಅದೇ ಐಡಿ ಬರುತ್ತೆ ಅಂದಿದ್ದೆನಲ್ಲ. ನೀವು ಹೇಳಿದಂತೆ ಐಡಿ ಜೊತೆ ವರ್ಶನ್ ನಂಬರ್ ಸೇರಿಸಿ ನೋಡಿದ್ವಿ, ಟೆಸ್ಟ್‌ನಲ್ಲಿ ಡುಪ್ಲಿಕೇಟ್ ನಿಂತಿದೆ. ನೀವು ಕೇಳಿದ ಆ ಲೈಬ್ರರಿಯ ಲಿಂಕ್ ಇಲ್ಲಿದೆ.' ಇಷ್ಟೇ. ಏನೂ ಬರೆಯದೆ ಲಿಂಕ್ಡ್‌ಇನ್ ಬಟನ್ ಒತ್ತಿದರೆ ಒಂದು ತಿಂಗಳಲ್ಲಿ ಇಬ್ಬರಿಗೂ ಮರೆತಿರುತ್ತದೆ. ಐವತ್ತು ಜನರಿಗೆ ಒಂದೇ ಮೆಸೇಜ್ ಅಂಟಿಸುವ ಬದಲು ಐದು ಜನರಿಗೆ ಐದು ಬೇರೆ ಮೇಲ್ ಬರೆಯಿರಿ.

ಇಂಥ ತೆಳು ಪರಿಚಯದಿಂದ ಏನು ಪ್ರಯೋಜನ ಎನ್ನುವವರಿಗೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೋರಿಸುತ್ತೇನೆ. ಪರಿಚಯದ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ಕೇಳಿದಾಗ, ಸುಳಿವು ಕೊಟ್ಟವರು ಆಗಾಗ ಸಿಗುತ್ತಿದ್ದ ಆಪ್ತರು ಎಂದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ಸುಳಿವು ಬಂದದ್ದು ಎಂದೋ ಒಮ್ಮೆ ಸಿಗುವವರಿಂದ. ಕಾರಣ ಸರಳ: ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ದೂರದವರ ಬಳಿ ನಮಗೆ ತಲುಪದ ಸುದ್ದಿ ಇರುತ್ತದೆ. ತಾಂತ್ರಿಕ ತೊಂದರೆಗಳ ವಿಷಯದಲ್ಲೂ ಹೀಗೇ ಎಂಬುದು ನನ್ನ ನಂಬಿಕೆ. ಒಂದೇ ತಂಡದವರಿಗೆ ಗೊತ್ತಿರುವ ದಾರಿಗಳೂ ಒಂದೇ.

ಆಫೀಸಿನಲ್ಲಿ ಒಂದು ಗಂಟೆ ತಂಡವನ್ನು ಕೂರಿಸಿಕೊಂಡು ನೀವು ಕೇಳಿದ ಪ್ರಶ್ನೆ, ಬಂದ ಉತ್ತರಗಳು, ಅದರಲ್ಲಿ ಈ ತಿಂಗಳು ಮಾಡಿ ನೋಡಬಹುದಾದ ಒಂದನ್ನು ಹೇಳಿ. ಟಾಕ್‌ಗಳ ಸಾರಾಂಶ ಬೇಡ, ವಿಡಿಯೋ ಲಿಂಕ್ ಕೊಡಿ. ಮಾಡಿ ನೋಡಿದ ಮೇಲೆ ಸಲಹೆ ಕೊಟ್ಟವರಿಗೆ ಮತ್ತೆ ಬರೆಯಿರಿ. ಫಲಿಸದಿದ್ದರಂತೂ ತಪ್ಪದೆ ಬರೆಯಿರಿ, ಅವರಿಗೂ ಅದು ಬೇಕಾದ ಮಾಹಿತಿ.

ನಾಲ್ಕಾರು ತಿಂಗಳಲ್ಲಿ ಆ ಪ್ರಶ್ನೆಗೆ ನಿಮ್ಮದೇ ಉತ್ತರ ಸಿಕ್ಕಿರುತ್ತದೆ, ಮುಂದಿನ ವರ್ಷದ ಟಾಕ್ ಪ್ರಸ್ತಾವಗಳಿಗೆ ಕರೆಯೂ ಅಷ್ಟೊತ್ತಿಗೆ ಬಂದಿರುತ್ತದೆ. ಪ್ರಸ್ತಾವ ಬರೆಯುವಾಗ ತೊಂದರೆ ಏನಿತ್ತು, ಏನೇನು ಪ್ರಯತ್ನಿಸಿದಿರಿ, ಯಾವುದು ಕೈಕೊಟ್ಟಿತು, ಕೇಳಿದವರು ತಮ್ಮ ಕೆಲಸಕ್ಕೆ ಏನು ಒಯ್ಯಬಹುದು ಎಂಬುದನ್ನು ನೇರವಾಗಿ ಬರೆಯಿರಿ. ಕೆಲವು ಕಾನ್ಫರೆನ್ಸ್‌ಗಳು ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ ಓದುತ್ತವೆ, ಅಂಥ ಕಡೆ ಸಾರಾಂಶದೊಳಗೆ ನಿಮ್ಮ ಹೆಸರು, ಕಂಪನಿ ಬಾರದಂತೆ ನೋಡಿಕೊಳ್ಳಿ. ಕಳಿಸುವ ಮುಂಚೆ ಕರಡನ್ನು ಹಿಂದಿನ ವರ್ಷ ಕಾರಿಡಾರಿನಲ್ಲಿ ಸಿಕ್ಕವರಿಗೊಮ್ಮೆ ಓದಲು ಕೊಡಿ, ತಿದ್ದಲು ಗಡುವಿಗೆ ಒಂದು ವಾರವಾದರೂ ಉಳಿದಿರಲಿ.